ಜನವರಿ ಒಂದರ ಕಾಗದಗಳು

ನಾಲ್ಕು ಸಲ ಹೋಗಿದ್ದೆ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಮೂರೇ ಇದ್ದರೂ ಇರಬಹುದು. ಗುರುವಾರದ ಭೇಟಿಯೂ ಶುಕ್ರವಾರದ ಭೇಟಿಯೂ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ದಿನ ತಿಂದ ಬಾಳೆಕಾಯಿ ಚಿಪ್ಸು ಇನ್ನೊಂದು ದಿನದ ತಟ್ಟೆಯಲ್ಲಿ ಕಾಣುತ್ತದೆ. ಸ್ಕೂಟರು ಅವರ್ಸಾದ ಹತ್ತಿರ ಕೆಟ್ಟು ನಿಂತದ್ದು ಆ ವಾರವೇ ಹೌದೇ, ಅಥವಾ ಕತೆಗೆ ಇರಲಿ ಎಂದು ನಾನೇ ಆಮೇಲೆ ತಂದು ಸೇರಿಸಿದ್ದೇ? ಅದನ್ನು ಬಿಟ್ಟುಬಿಡುತ್ತೇನೆ. ಹೀಗೆ ಬಿಡುತ್ತ ಹೋದರೆ ಉಳಿಯುವುದು ಒಂದು ಮನೆ, ಒಂದು ಕಂಪ್ಯೂಟರ್, ಮೂವರು ಮನುಷ್ಯರು ಮತ್ತು ಹೊರಗೆ ಹೋಗದ ಕಾಗದಗಳು. ಅಷ್ಟನ್ನು ಬರೆಯಬಹುದು.

ವರ್ಷ ಎರಡು ಸಾವಿರದ ಐದೋ ಆರೋ. ಕಾರವಾರದಲ್ಲಿ ಒಂದು ಮಾಳಿಗೆಯ ಕೋಣೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಮಂಗಳವಾರ ಬೆಳಿಗ್ಗೆ ಅಂಕೋಲೆಯ ಹತ್ತಿರದ ಕೇಣಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

“ಮೇಲ್ ಬರ್ತದೆ, ಹೋಗುದಿಲ್ಲ. ಇವತ್ತೇ ಬರೂಕೆ ಆಗ್ತದಾ?”

“ಇವತ್ತೇ ಅಂದ್ರೆ ಕಷ್ಟ ಅಕ್ಕಾ.”

“ಕಷ್ಟ ಹೇಳಿಯೇ ಫೋನ್ ಮಾಡದ್ದು.”

ಮಧ್ಯಾಹ್ನದೊಳಗೆ ಅಲ್ಲಿದ್ದೆ. ಆಕೆಯ ಗಂಡ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಮೋಟರ್‌ಮನ್. ಒಂಬತ್ತು ತಿಂಗಳ ಕರಾರಿನಲ್ಲಿ ಐದು ಕಳೆದಿತ್ತು. ಮನೆಯ ಹಿರಿಯ ಎಂದರೆ ಆಕೆಯ ಭಾವ, ಹಡಗಿನವನ ಅಣ್ಣ. ಕದ್ರಾದ ವಿದ್ಯುದಾಗಾರದಲ್ಲಿ ಸ್ವಿಚ್‌ಯಾರ್ಡ್ ನೋಡಿಕೊಳ್ಳುತ್ತಿದ್ದು ಎರಡು ತಿಂಗಳ ಹಿಂದೆ ನಿವೃತ್ತನಾಗಿ ಮನೆಗೆ ಬಂದವನು. ಮೂರನೆಯವಳು ಈ ಅಣ್ಣತಮ್ಮಂದಿರ ತಾಯಿ, ಮನೆಯವರ ಬಾಯಲ್ಲಿ ಆಯಿ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಕಾರವಾರದಲ್ಲಿ ಆಪರೇಶನ್ ಆಗಿ ಹದಿನೈದು ದಿನದ ಹಿಂದೆ ಮನೆಗೆ ಬಂದಿದ್ದಳು. ಎದುರಿಗೆ ವಾಕರ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, ಸೊಸೆ ಬಂಗಡೆ ಹೆರೆಯುವುದರಲ್ಲಿ ತಪ್ಪು ಹುಡುಕುತ್ತಿದ್ದಳು. ಕಿವಿ ಪೂರ್ತಿ ಮಂದ. ಹತ್ತಿರ ಹೋಗಿ ಕೂಗಿದರೆ ಮಾತ್ರ ಅರ್ಧ ಕೇಳುತ್ತಿತ್ತು.

ಸೊಸೆ ನನಗೆ ಮೊದಲು ತೋರಿಸಿದ್ದು ಹಡಗಿನಿಂದ ಬಂದ ಮೇಲ್. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. “ಆಯಿ ಹೇಗಿದ್ದಾಳೆ ಎಂದು ಐದು ಸಲ ಕೇಳಿದೆ. ಒಬ್ಬರೂ ಬರೆಯುತ್ತಿಲ್ಲ. ಭಾನುವಾರ ಫುಜೈರಾ ಮುಟ್ಟುತ್ತೇವೆ. ಅಲ್ಲಿಂದ ಮುಂದೆ ಒಂದು ತಿಂಗಳು ಬಂದರಿಲ್ಲ. ಅಷ್ಟರೊಳಗೆ ನಿಜ ಗೊತ್ತಾಗದಿದ್ದರೆ ಇಳಿದು ಬರುತ್ತೇನೆ.”

“ನಡುವೆ ಇಳಿದು ಬಂದವ್ರಿಗೆ ಏಜೆಂಟ್ ಮತ್ತೆ ಹಡಗು ಕೊಡುದಿಲ್ಲ,” ಎಂದಳು ಸೊಸೆ. “ಆಯಿ ಆರಾಮಿದ್ದಾಳೆ. ಆದ್ರೂ ಅವ್ರು ಇಳ್ದು ಬರ್ತ್ರು.”

“ಇಷ್ಟಕ್ಕೇ ಇಳಿದು ಬರ್ತಾರಾ?”

ಉತ್ತರ ಕೊಟ್ಟದ್ದು ಅಣ್ಣ. “ನಮ್ಮಲ್ಲಿ ಹಡಗಿನ ಮೇಲಿದ್ದವ್ನಿಗೆ ಸಾವಿನ ಸುದ್ದಿ ತಿಳಿಸೂದಿಲ್ಲ ತಮಾ. ನೀರಿನ ಮೇಲೆ ಅಂವ ಎಂತಾ ಮಾಡ್ತ? ಬಂದ್ಮೇಲೆ ಹೇಳುದು. ಹಾಂಗಾಗಿ ಮನೆ ಸುಮ್ನಾಯ್ತು ಅಂದ್ರೆ ಅಂವ ಒಂದೇ ತಿಳ್ಕಳ್ತ.”

ಫೋನಿನಲ್ಲಿ ಹೇಳಿದರಾಗದೇ ಎಂದೆ. ಹಡಗಿನ ಫೋನಿನಿಂದ ಅವನು ಒಮ್ಮೆ ಮಾಡಿದ್ದನಂತೆ. ಆಯಿಗೆ ಕೊಡು ಎಂದನಂತೆ. ಆಯಿಗೆ ಫೋನಿನಲ್ಲಿ ಏನೂ ಕೇಳುವುದಿಲ್ಲ. ಅಣ್ಣ ‘ಬಿದ್ದಿದ್ಳು, ಆಪರೇಶನ್ ಆಯ್ತು, ಈಗ ಎಲ್ಲಾ ಸೌಖ್ಯ’ ಎಂದನಂತೆ. ಆಮೇಲೆ ಅವನ ಅನುಮಾನ ಜಾಸ್ತಿಯಾಯಿತು.

ಕಂಪ್ಯೂಟರಿನ ಮುಂದೆ ಕೂತೆ. ಹೊರಹೋಗುವ ಕಾಗದಗಳ ಪೆಟ್ಟಿಗೆಯಲ್ಲಿ ಏಳು ಕಾಗದ ಸಾಲಾಗಿ ನಿಂತಿದ್ದವು. ಮೊದಲನೆಯದಕ್ಕೆ ನಾಲ್ಕು ಎಂಬಿಯ ಒಂದು ಚಿತ್ರ ಲಗತ್ತಾಗಿತ್ತು. ತೆರೆದು ನೋಡಿದರೆ ಸೊಂಟದ ಎಕ್ಸ್‌ರೇ.

“ಎಕ್ಸ್‌ರೇ ಎಂತಕ್ಕೆ ಹಾಕಿದ್ರಿ ಅಣ್ಣಾ?”

“ಮೂಳೆ ಕೂಡಿದ್ದು ಅಂವನ ಕಣ್ಣಿಗೇ ಕಾಣ್ಲಿ ಹೇಳಿ. ಬಾಯಿಮಾತು ನಂಬುದಿಲ್ಲ ಅಂವ.”

“ಮೂಳೆಯಲ್ಲಿ ಯಾರ ಹೆಸ್ರು ಬರ್ದಿರ್ತದೆ ಭಾವಾ?” ಎಂದಳು ಸೊಸೆ ಒಳಗಿನಿಂದ.

ಕಾರಣ ಸರಳವಾಗಿತ್ತು. ಫೋನ್ ತಂತಿಯ ಆ ಸಂಪರ್ಕದಲ್ಲಿ ನಾಲ್ಕು ಎಂಬಿ ಸಾಗಲು ಅರ್ಧ ಗಂಟೆ ಬೇಕು. ಅದಕ್ಕೂ ಮೊದಲೇ ಲೈನ್ ಬೀಳುತ್ತಿತ್ತು. ಮತ್ತೆ ಕೂಡಿಸಿದರೆ ಮತ್ತೆ ಮೊದಲ ಕಾಗದದಿಂದಲೇ ಶುರು. ಹಿಂದಿನ ಆರಕ್ಕೆ ಸರದಿ ಬರುತ್ತಲೇ ಇರಲಿಲ್ಲ. ಎಕ್ಸ್‌ರೇ ಇದ್ದ ಕಾಗದವನ್ನು ತೆಗೆದುಹಾಕಿದೆ. ಉಳಿದ ಆರು ಎರಡು ನಿಮಿಷದಲ್ಲಿ ಹೋದವು. ಅದೇ ವಿಳಾಸದಿಂದ ಅದೇ ವಿಳಾಸಕ್ಕೆ ಒಂದು ಪರೀಕ್ಷೆಯ ಮೇಲ್ ಕಳಿಸಿದೆ, ಅದು ಸರಿಯಾಗಿ ಬಂದು ಸೇರಿತು. ಅಣ್ಣ ಒಂದು ಲಾಗ್‌ಬುಕ್ ಇಟ್ಟಿದ್ದ, ಕದ್ರಾದ ಅಭ್ಯಾಸ. ಅದರಲ್ಲಿ ‘ಆರು ಕಾಗದ ಬಿಡುಗಡೆ’ ಎಂದು ವೇಳೆ ಸಮೇತ ಬರೆದುಕೊಂಡ. ನಾನು ಚಹಾ ಕುಡಿದು ಹೊರಟೆ. ಇನ್ನೊಂದು ಊರಿನ ಇನ್ನೊಂದು ವಿಳಾಸಕ್ಕೆ ಕಳಿಸಿ ನೋಡಬೇಕಿತ್ತು. ನೋಡಲಿಲ್ಲ.

ಗುರುವಾರ ಮತ್ತೆ ಫೋನು. ಹಡಗಿನಿಂದ ಹೊಸ ಮೇಲ್ ಬಂದಿತ್ತು. “ಇವತ್ತೂ ಏನೂ ಇಲ್ಲ. ನನಗೆ ಅರ್ಥವಾಗುತ್ತದೆ.” ಅಷ್ಟೇ.

ಆ ದಿನ ನಾನು ಹಟ ಹಿಡಿದು ಕೂತೆ. ಹೊರಹೋಗುವ ಸರ್ವರಿನ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿದೆ. ಗುಪ್ತಪದವನ್ನು ಮತ್ತೆ ಹಾಕಿದೆ. ಹೋಗುವ ಮೇಲುಗಳನ್ನು ಆಂಟಿವೈರಸ್ ತಡೆದು ತಪಾಸಣೆ ಮಾಡುತ್ತಿತ್ತು, ಅದನ್ನು ನಿಲ್ಲಿಸಿದೆ. ಕಾಯುವ ಅವಧಿಯನ್ನು ಒಂದು ನಿಮಿಷದಿಂದ ಐದಕ್ಕೆ ಎಳೆದೆ. ಖಾತೆಯನ್ನೇ ಅಳಿಸಿ ಹೊಸದಾಗಿ ಕಟ್ಟಿದೆ. ಐವತ್ತು ಕೆಬಿ ಮೀರಿದ ಮೇಲನ್ನು ಹಡಗಿನ ಕಂಪನಿ ಹಿಂದಕ್ಕೆ ಕಳಿಸುತ್ತದೆ ಎಂದು ಹಡಗಿನವನೇ ಹಿಂದೆ ಬರೆದಿದ್ದ. ಆದರೆ ಹಿಂದಕ್ಕೆ ಬಂದದ್ದು ಒಂದೂ ಇರಲಿಲ್ಲ. ಹೋದವು, ತಿರುಗಿ ಬರಲಿಲ್ಲ, ಅವನಿಗೆ ಮುಟ್ಟಲೂ ಇಲ್ಲ.

ಅಣ್ಣ ನನ್ನ ಹಿಂದೆ ನಿಂತು ನೋಡುತ್ತಿದ್ದ. “ಹಾಂಗಾದ್ರೆ ಲೈನಿನಲ್ಲೇ ಎಲ್ಲೋ ಸೋರ್ತದೆ.”

“ಮೇಲ್ ಸೋರುದಿಲ್ಲ ಅಣ್ಣಾ.”

“ಕರೆಂಟೇ ಸೋರ್ತದೆ ತಮಾ. ಈ ತುದಿಲಿ ಸರಿ ಇದ್ರೆ ನಾವು ಆ ತುದಿಗೆ ಜನ ಕಳ್ಸ್ತಿದ್ವು. ಒಂದೇ ತುದಿಲಿ ಕೂತು ಫಾಲ್ಟ್ ಹುಡ್ಕಿದ್ರೆ ಸಿಕ್ಕುದಿಲ್ಲ.”

ಆ ಮಾತನ್ನು ಅವನು ಆಡಿದ್ದು ಹೀಗೆಯೇ ಎಂದು ನಾನು ಆಣೆ ಮಾಡಲಾರೆ. ಆದರೆ ಅವನ ಮಾತಿನಿಂದಲೇ ನಾನು ಎದ್ದೆ. ಮೂರು ದಿನದಿಂದ ಕಳಿಸುವ ಯಂತ್ರವನ್ನೇ ಬಿಚ್ಚುತ್ತ ಕೂತಿದ್ದೆ. ಮುಟ್ಟುವ ಕಡೆ ಹಡಗು ಇತ್ತು, ಅಲ್ಲಿಗೆ ಹೋಗುವಂತಿರಲಿಲ್ಲ. ಆದರೆ ನನ್ನ ಅಂಗಡಿಯನ್ನೇ ಆ ತುದಿ ಮಾಡಬಹುದಿತ್ತು. ಸೊಸೆಯಿಂದ ಹಡಗಿಗೆ ಒಂದು ಮೇಲ್ ಬರೆಸಿ, ಅದರ ಪ್ರತಿಯನ್ನು ನನ್ನ ವಿಳಾಸಕ್ಕೂ ಹಾಕಿಸಿ, ಸ್ಕೂಟರ್ ಹತ್ತಿ ಕಾರವಾರಕ್ಕೆ ಮರಳಿದೆ.

ಅಂಗಡಿಯಲ್ಲಿ ಮೇಲ್ ತೆರೆದರೆ ಪ್ರತಿ ಇರಲಿಲ್ಲ. ಪಟ್ಟಿಯ ಮೇಲ್ತುದಿಯಲ್ಲಿ ನಿನ್ನೆಯ ಮೇಲುಗಳೇ. ಕಾಲು ಗಂಟೆ ಬಿಟ್ಟು ಮತ್ತೆ ತರಿಸಿದೆ, ಇಲ್ಲ. ಸರಿ, ನಿಜವಾಗಿ ಕಳೆದುಹೋಗುತ್ತಿದೆ, ಇಂಟರ್‌ನೆಟ್ ಕಂಪನಿಗೆ ದೂರು ಕೊಡುವುದೇ ದಾರಿ ಎಂದು ಪುಸ್ತಕದಲ್ಲಿ ನಂಬರು ಹುಡುಕತೊಡಗಿದ್ದೆ. ಆಗ ಕಿಟಕಿಯ ಕೆಳಗಿನ ಅಂಚಿನಲ್ಲಿದ್ದ ಎಣಿಕೆ ಕಣ್ಣಿಗೆ ಬಿತ್ತು. ಪೆಟ್ಟಿಗೆಯಲ್ಲಿ ಒಟ್ಟು ಎಷ್ಟು ಮೇಲುಗಳಿವೆ ಎಂದು ಅಲ್ಲಿ ಬರುತ್ತದೆ. ಬೆಳಿಗ್ಗೆಯಿಂದ ಹೊಸದೇನೂ ಕಾಣದಿದ್ದರೂ ಎಣಿಕೆ ಒಂದು ಏರಿತ್ತು.

ಮೇಲುಗಳನ್ನು ಬರೆದ ದಿನಾಂಕದ ಪ್ರಕಾರ ಜೋಡಿಸಿಡುವುದು ನನ್ನ ರೂಢಿ, ಹೊಸದು ಮೇಲೆ. ಪಟ್ಟಿಯನ್ನು ಕೆಳಕ್ಕೆ ಎಳೆದೆ. ಈ ವರ್ಷ ದಾಟಿತು, ಹಿಂದಿನದು, ಅದರ ಹಿಂದಿನದು. ಎಲ್ಲಕ್ಕಿಂತ ಕೆಳಗೆ, ಕೆಲವು ವರ್ಷ ಹಿಂದೆ ಈ ಖಾತೆ ತೆರೆದಾಗ ಬಂದ ಸ್ವಾಗತದ ಮೇಲಿಗಿಂತಲೂ ಕೆಳಗೆ, ಕೇಣಿಯ ಕಾಗದ ಮಲಗಿತ್ತು. ದಿನಾಂಕ: ೨೦೦೨, ಜನವರಿ ಒಂದು.

ಕಾಗದಗಳು ಹೋಗುತ್ತಿದ್ದವು, ಮುಟ್ಟುತ್ತಲೂ ಇದ್ದವು. ಹಡಗಿನಲ್ಲಿ ನಾವಿಕರಿಗೆಲ್ಲ ಸೇರಿ ಇರುವುದು ಒಂದೇ ಕಂಪ್ಯೂಟರ್. ಒಬ್ಬೊಬ್ಬನಿಗೆ ಹತ್ತು ನಿಮಿಷ. ಅವನು ಪಟ್ಟಿಯ ಮೇಲ್ತುದಿ ನೋಡಿ ಏಳುತ್ತಿದ್ದ.

ಕಾರಣ ಆ ಕ್ಷಣವೇ ಹೊಳೆಯಿತು. ಕಂಪ್ಯೂಟರಿನ ಒಳಗೆ ಗಡಿಯಾರ ನಡೆಸಲು ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೂ ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ ಇರುವ ತನಕ ಗಡಿಯಾರ ನಡೆಯುತ್ತದೆ. ವಿದ್ಯುತ್ ಪೂರ್ತಿ ಹೋದರೆ ಮಾತ್ರ ಅದು ತಾನು ಹುಟ್ಟಿದ ದಿನಕ್ಕೆ ಓಡಿಹೋಗುತ್ತದೆ. ಹಾಗೆ ಆದಾಗ, ಯಂತ್ರ ಚಾಲೂ ಮಾಡುವಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ನಾನು ಮಂಗಳವಾರವೇ ಕಂಡಿದ್ದೆನೇ? ಅಣ್ಣ ಕಂಪ್ಯೂಟರ್ ಚಾಲೂ ಮಾಡಿ ಒಂದು ಕೀಲಿ ಒತ್ತಿ ನನಗೆ ಕುರ್ಚಿ ಎಳೆದುಕೊಟ್ಟದ್ದು ಸ್ಪಷ್ಟವಾಗಿ ಕಾಣುತ್ತದೆ. ಅವನ ಬೆರಳು ಕಾಣುತ್ತದೆ, ಪರದೆ ಕಾಣುವುದಿಲ್ಲ. ನನಗೆ ಅನುಕೂಲವಾಗುವ ಹಾಗೆ ನೆನಪು ಪರದೆಯನ್ನು ಒರೆಸಿಟ್ಟಿದೆಯೋ ಏನೋ.

ಶುಕ್ರವಾರ ಅಂಕೋಲೆಯ ಗಡಿಯಾರದ ಅಂಗಡಿಯಲ್ಲಿ ಆ ಬ್ಯಾಟರಿ ಸಿಕ್ಕಿತು. ತಕ್ಕೊಂಡು ಕೇಣಿಗೆ ಹೋದೆ.

“ಅಣ್ಣಾ, ನೀವು ಮೇನ್ ಸ್ವಿಚ್ ತೆಗೀತ್ರಾ?”

“ಮತ್ತೆಂತಾ? ಮಲಗೂ ಮುಂಚೆ ತೆಗೀದೇ ಹೋದ್ರೆ ನಂಗೆ ನಿದ್ದೆ ಬರುದಿಲ್ಲ. ನೀವೆಲ್ಲ ಮನೆ ಚಾಲೂ ಇಟ್ಟೇ ಮಲಗ್ತ್ರಾ?”

“ಎರಡು ತಿಂಗಳಿಂದ ನಾವು ಕತ್ತಲಲ್ಲೇ ನೀರು ಕುಡೂದು,” ಎಂದಳು ಸೊಸೆ.

“ಬೆಳಿಗ್ಗೆ ಚಾಲೂ ಮಾಡುವಾಗ ಎಫ್ ವನ್ ಒತ್ತು ಅಂತ ಬರ್ತದಾ?”

“ದಿನಾ ಬರ್ತದೆ. ಒತ್ತಿಬಿಡ್ತೆ. ಅದ್ರದ್ದೊಂದು ಸಲಾಮು ಹೇಳಿ ತಿಳ್ಕಂಡಿದ್ದೆ.”

ಪರದೆಯ ಮೂಲೆಯಲ್ಲಿ ತಪ್ಪು ವೇಳೆ ಕಾಣುತ್ತಿದ್ದುದನ್ನು ಇಬ್ಬರೂ ಬಲ್ಲರು. ಗೋಡೆಗೆ ಒಳ್ಳೆಯ ಗಡಿಯಾರ ಇದ್ದುದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಅಣ್ಣ ನಿವೃತ್ತನಾಗಿ ಬರುವವರೆಗೆ ಮೇನ್ ಸ್ವಿಚ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದಕ್ಕೇ ಅಲ್ಲಿಯವರೆಗಿನ ಕಾಗದಗಳು ಸರಿಯಾಗಿ ಹೋಗಿದ್ದವು. ಬ್ಯಾಟರಿ ಬದಲಿಸಿ ದಿನಾಂಕ ಸರಿಮಾಡಿದೆ. ಪರೀಕ್ಷೆಗೆಂದು ಅಣ್ಣನೇ ಮೇನ್ ತೆಗೆದು ಹಾಕಿದ. ಗಡಿಯಾರ ಕದಲಲಿಲ್ಲ. ಸೊಸೆ ಹಡಗಿಗೆ ಬರೆದಳು: ಆಯಿ ಆರಾಮು, ಪಟ್ಟಿಯ ಕೊನೆಗೆ ಹೋಗಿ ನೋಡಿ, ಹಳೆಯ ಕಾಗದಗಳೆಲ್ಲ ಅಲ್ಲಿವೆ. ಮೇಲ್ ಹೋಯಿತು. ಕೆಲಸ ಮುಗಿಯಿತು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಸೊಸೆ ಫೋನಿನಲ್ಲಿ ಅವನ ಉತ್ತರ ಓದಿದಳು. “ನಿನ್ನ ಕಾಗದ ಸಿಕ್ಕಿತು. ಕೊನೆಗೆ ಹೋಗಿ ನೋಡಿದೆ. ಒಂಬತ್ತು ಕಾಗದ ಇವೆ. ಒಂಬತ್ತಕ್ಕೂ ಜನವರಿ ಒಂದು ಎಂದಿದೆ. ಒಂಬತ್ತರಲ್ಲೂ ಆಯಿ ಆರಾಮು ಎಂದಿದೆ. ಅಪ್ಪ ಹೋದಾಗ ಅಣ್ಣ ನಾಲ್ಕು ಕಾಗದ ಒಂದೇ ದಿನ ಬರೆದಿಟ್ಟು ವಾರಕ್ಕೊಂದು ಪೋಸ್ಟ್ ಮಾಡಿದ್ದ. ಈಗ ಕಂಪ್ಯೂಟರಿನಲ್ಲೂ ಅದನ್ನೇ ಮಾಡುತ್ತೀರಾ? ನಾಳೆ ಇಳಿಯುತ್ತೇನೆ ಎಂದು ಕ್ಯಾಪ್ಟನಿಗೆ ಹೇಳುತ್ತೇನೆ.”

ಎಕ್ಸ್‌ರೇಗೂ ಮುಂಚೆ ಹೋಗಿದ್ದ ಎರಡು, ಮಂಗಳವಾರದ ಆರು, ಗುರುವಾರದ ಒಂದು; ದಿನವೂ ಗಡಿಯಾರ ಅದೇ ದಿನಕ್ಕೆ ಮರಳುತ್ತಿದ್ದುದರಿಂದ ಬೇರೆ ಬೇರೆ ದಿನ ಬರೆದ ಕಾಗದಗಳಿಗೆಲ್ಲ ಒಂದೇ ತಾರೀಕು ಬಿದ್ದಿತ್ತು. ಯಂತ್ರದ ದೋಷವೆಂದು ಬರೆದರೆ ಯಾರು ನಂಬುತ್ತಾರೆ? ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ನನ್ನ ಕೆಲಸದ ಎಲ್ಲೆ ಅಲ್ಲಿಗೆ ಮುಗಿದಿತ್ತು, ಮೇಲ್ ಹೋಗುತ್ತಿತ್ತಲ್ಲ. ಆದರೆ ಕಾಗದ ಮುಟ್ಟಿಯೂ ಸುದ್ದಿ ಮುಟ್ಟದಿದ್ದರೆ ಅದನ್ನು ರಿಪೇರಿ ಎನ್ನುವುದು ಹೇಗೆ? ಅಂಗಡಿಯ ಡಿಜಿಟಲ್ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಮತ್ತೆ ಹೊರಟೆ.

ಅಣ್ಣ ಲಾಗ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂತಿದ್ದ. “ಬರ್ದದ್ದು ಹೌದು ತಮಾ. ನಾಕೂ ಒಂದೇ ಸಲ ಕೂತು ಬರ್ದದ್ದು. ಪೆನ್ನೂ ಒಂದೇ. ಅಂವ ಮನೆಗೆ ಬಂದ್ಮೇಲೆ ನಾಕನ್ನೂ ಸಾಲಾಗಿ ಇಟ್ಟು ತೋರ್ಸದ.”

“ಆಯಿಯ ಫೋಟೋ ಕಳಿಸುವಾ,” ಎಂದೆ.

ಸೊಸೆ ಅತ್ತೆಯ ಕಿವಿಗೆ ಕೂಗಿ ಹೇಳಿದಳು. ಮುದುಕಿ ಕ್ಯಾಮೆರಾ ನೋಡಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. “ಫೋಟೋ ಎಂತಕೆ ಮಗಾ? ಗೋಡೆಗೆ ಹಾಕೂಕಾ? ಹಾರ ತರೂಕೆ ಯಾರು ಹೋಗಿದ್ರು?”

“ಅದು ಹಾಂಗಲ್ಲ ಆಯಿ, ತಮ್ಮಂಗೆ ಕಳ್ಸೂಕೆ,” ಎಂದು ಅಣ್ಣ ಕೂಗಿದ.

“ಕಾಲು ಮುರ್ಕಂಡವ್ಳ ಫೋಟೋ ಅಂವ ಎಂತಾ ಮಾಡ್ತ? ನೆಟ್ಟಗೆ ನಡ್ದಾಗ ತೆಗೀರಿ.”

ಅರ್ಧ ಗಂಟೆ ಮೂವರೂ ಕೂಗಿದೆವು. ಆಕೆ ಸೆರಗು ಬಿಡಲಿಲ್ಲ. ಮುಖವಿಲ್ಲದ ಸೀರೆಯ ಫೋಟೋ ಕಳಿಸಿದರೆ ಕೆಲಸ ಇನ್ನೂ ಕೆಡುತ್ತಿತ್ತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ತನ್ನ ಭಾವನನ್ನೇ ನೋಡುತ್ತಿದ್ದಳು.

“ಭಾವಾ, ನಿಮ್ಮ ಮೀಸೆ ಕಳ್ಸುವಾ.”

“ಎಂತದು?”

“ಆಯಿಗೆ ಏನಾರೂ ಆಗಿದ್ರೆ ನಿಮ್ಮ ತಲೆ, ಮೀಸೆ ಎರಡೂ ಇರ್ತಿತ್ತಾ? ಮಾವ ಹೋದಾಗ ತೆಗ್ಸಿದ್ದು ಬೆಳೂಕೆ ಎಷ್ಟು ದಿನ ಬೇಕಾಯ್ತು ಹೇಳಿ ಅವ್ರಿಗೆ ಗೊತ್ತದೆ.”

ಹಿರಿಮಗ ತಂದೆ ತಾಯಿಗೆ ಬೆಂಕಿ ಕೊಟ್ಟ ಮೇಲೆ ಮೀಸೆ ಉಳಿಯುವುದಿಲ್ಲ. ಅದನ್ನು ಒಂದೇ ಬೈಠಕ್ಕಿನಲ್ಲಿ ಮುಂಚೆಯೇ ಬರೆದಿಡಲಿಕ್ಕೂ ಬರುವುದಿಲ್ಲ. ಅಣ್ಣ ತನ್ನ ದಪ್ಪ ಮೀಸೆಯನ್ನು ಮುಟ್ಟಿ ನೋಡಿಕೊಂಡ. “ಸರ್ವಿಸಿನಲ್ಲಿ ಇದಕ್ಕೊಂದು ಕೆಲ್ಸ ಇರ್ಲಿಲ್ಲ. ಪೆನ್ಶನ್ ಬಂದ್ಮೇಲೆ ಡ್ಯೂಟಿ ಬಿತ್ತು,” ಎಂದ. ನಗಲಿಲ್ಲ.

ಹಳೆಯ ಫೋಟೋ ಎನ್ನಬಾರದೆಂದು, ಗೋಡೆಯಲ್ಲಿದ್ದ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ತೆಗೆದು ಅವನ ಎದೆಯ ಹತ್ತಿರ ಹಿಡಿಸಿದೆ. ಅಂಗಳದ ಬೆಳಕಿನಲ್ಲಿ ನಿಲ್ಲಿಸಿ ತೆಗೆದೆ. ಫೋಟೋ ಆರುನೂರು ಕೆಬಿ ಇತ್ತು. ಹಡಗಿಗೆ ಹೋಗಬಹುದಾದದ್ದು ಐವತ್ತು. ಮೇಲಿನಲ್ಲಿ ಲಗತ್ತು ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ, ಹಾಗಾಗಿ ನಿಜವಾಗಿ ನನಗಿದ್ದ ಜಾಗ ಮೂವತ್ತಾರು ಕೆಬಿ. ಚಿತ್ರವನ್ನು ಕಿರಿದು ಮಾಡಿದೆ. ಅಂಕಿ ಉಳಿಯಿತು, ಮೀಸೆ ಮಸಿಯ ಕಲೆಯಾಯಿತು. ಗುಣಮಟ್ಟ ಏರಿಸಿದರೆ ಅರವತ್ತಾಯಿತು. ಹಿಂದಿನ ತೆಂಗಿನ ಮರ, ಬೇಲಿ, ಆಕಾಶ ಎಲ್ಲವನ್ನೂ ಕತ್ತರಿಸಿ ಹಾಕಿದೆ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದೆ. ಏಳನೆಯದೋ ಎಂಟನೆಯದೋ ಪ್ರಯತ್ನದಲ್ಲಿ ಮೂವತ್ತನಾಲ್ಕಕ್ಕೆ ಬಂತು. ಕೂದಲು, ಮೂಗು, ಮೀಸೆ, ಅದರ ಕೆಳಗೆ ತಾರೀಕು. ಸೊಸೆ ಹತ್ತಿರದಿಂದ ನೋಡಿ, ಕೂದಲು ಕೂದಲಾಗಿ ಕಾಣುತ್ತದೆ ಎಂದು ಒಪ್ಪಿದಳು.

ಎರಡು ಸಲ ಲೈನ್ ಬಿತ್ತು. ಮೂರನೆಯ ಸಲ ಹೋಯಿತು. ನನಗೂ ಒಂದು ಪ್ರತಿ ಹಾಕಿದ್ದೆ. ಅಂಗಡಿಗೆ ಮರಳಿ ನೋಡಿದಾಗ ಅದು ಪಟ್ಟಿಯ ಮೇಲ್ತುದಿಯಲ್ಲೇ ಇತ್ತು, ಆ ದಿನದ ತಾರೀಕಿನಲ್ಲಿ, ಮೀಸೆ ಸಮೇತ. ನನ್ನ ಕೈಲಾದದ್ದು ಅಷ್ಟು.

ಭಾನುವಾರ ಏನೂ ಇಲ್ಲ. ಸೋಮವಾರ ನಾನೇ ಎರಡು ಸಲ ಫೋನ್ ಮಾಡಿದೆ, ಲೈನ್ ಎಂಗೇಜು. ಅವರು ಮೇಲ್ ನೋಡುತ್ತ ಕೂತಿದ್ದಾರೆ ಎಂದು ತಿಳಿಯಿತು. ಮಂಗಳವಾರ ಸೊಸೆಯ ಫೋನ್ ಬಂತು. ಹಡಗಿನಿಂದ ನಾಲ್ಕು ಸಾಲು.

“ಫುಜೈರಾದಲ್ಲಿ ನನ್ನ ಬದಲಿ ಮನುಷ್ಯ ಬರಲಿಲ್ಲ. ಹಡಗು ಹೊರಟಿತು, ನಾನು ಹಡಗಿನಲ್ಲಿದ್ದೇನೆ. ಸೌಖ್ಯ. ಆಯಿಗೆ ಕಾಲಿನ ಮೇಲೆ ಈಗಲೇ ಭಾರ ಹಾಕಬೇಡ ಎನ್ನಿ.”

“ಫೋಟೋ ಬಗ್ಗೆ?” ಎಂದು ಕೇಳಿದೆ.

“ಎಂತದೂ ಇಲ್ಲ. ಆದ್ರೆ ಆಯಿ ಹೆಸ್ರು ಬರ್ದಿದ್ರಲ್ಲ. ನಂಬಿದ್ರು.” ಅವಳ ದನಿಯಲ್ಲಿ ನಗುವಿತ್ತು. ಆಮೇಲೆ ಫೋನು ಅಣ್ಣನ ಕೈಗೆ ಹೋಯಿತು. ಅವನು ಸ್ವಲ್ಪ ದೂರ ಸರಿದು ನಿಂತು ಮಾತಾಡಿದ ಹಾಗೆ ಕೇಳಿಸಿತು.

“ತಮಾ, ಬಚ್ಚಿಡುದು ಮನೆಯವ್ರು ಮಾತ್ರ ಹೇಳಿ ತಿಳೀಬೇಡ. ಅಪ್ಪ ಹೋದಾಗ ಅಂವಂಗೆ ಎರಡ್ನೇ ಕಾಗದಕ್ಕೇ ಗೊತ್ತಾಗಿತ್ತಂತೆ. ಆದ್ರೂ ಪ್ರತಿ ಕಾಗದದಲ್ಲೂ ಅಪ್ಪಂಗೆ ನಮಸ್ಕಾರ ಹೇಳಿ ಬರೀತಿದ್ದ. ನಮ್ಗೆ ಬೇಜಾರಾಗ್ಬಾರ್ದು ಹೇಳಿ.”

ಮತ್ತೇನಾದರೂ ತೊಂದರೆಯಾದರೆ ಫೋನ್ ಮಾಡಿ ಎಂದೆ. ಅವರು ಮಾಡಲಿಲ್ಲ. ನನ್ನ ಕಸುಬಿನಲ್ಲಿ ಫೋನ್ ಬರಲಿಲ್ಲವೆಂದರೆ ಯಂತ್ರ ಸರಿ ಇದೆ ಎಂದು ಅರ್ಥ.

ನಾನೂ ಆ ಕಡೆ ಹೋಗಲಿಲ್ಲ. ಹಡಗಿನಲ್ಲಿ ಅವನು ಆ ಫೋಟೋ ತೆರೆದನೇ, ಬದಲಿ ಮನುಷ್ಯನನ್ನು ನಿಜವಾಗಿ ಕೇಳಿದ್ದನೇ, ನಂಬಿ ಹಾಗೆ ಬರೆದನೇ, ಅಥವಾ ಸತ್ತ ತಾಯಿಯ ಕಾಲಿಗೆ ಭಾರ ಹಾಕಬೇಡಿ ಎಂದು ಮನೆಯವರ ಸಮಾಧಾನಕ್ಕೆ ಬರೆದು ಮುಂದಿನ ಒಂದು ತಿಂಗಳನ್ನು ಹಾಗೆಯೇ ಕಳೆದನೇ, ನನಗೆ ಗೊತ್ತಿಲ್ಲ.